ಹೊಳಪು ಹುಟ್ಟುವುದು ಉಜ್ಜುವಾಗಲೇ: ಗಾಜು ಕತ್ತರಿಸಿ, ಉಜ್ಜಿ, ಪಾಲಿಶ್ ಮಾಡಲು ಕಲಿಯುವವರಿಗೆ

ಕುಲುಮೆ ಇಲ್ಲದೆ, ಬೆಂಕಿ ಇಲ್ಲದೆ ಗಾಜಿನ ಮೇಲೆ ಮುಖ್ಯವಾಗಿ ಮೂರು ಕೆಲಸ ಮಾಡಬಹುದು: ಕತ್ತರಿಸುವುದು, ಉಜ್ಜುವುದು, ಪಾಲಿಶ್ ಹಾಕುವುದು. ದಾವಣಗೆರೆಯಲ್ಲಾಗಲಿ ಚಿತ್ರದುರ್ಗದಲ್ಲಾಗಲಿ ಗ್ಲಾಸ್-ಪ್ಲೈವುಡ್ ಅಂಗಡಿಯ ಮುಂದೆ ಹತ್ತು ನಿಮಿಷ ನಿಂತರೆ ಮೊದಲನೆಯದನ್ನು ನೋಡಲು ಸಿಗುತ್ತದೆ. ಉಳಿದೆರಡನ್ನು ಗ್ರಾನೈಟ್ ಕೆಲಸದವರು ಕಲ್ಲಿನ ಮೇಲೆ ದಿನವೂ ಮಾಡುತ್ತಾರೆ. ಕಲ್ಲಿನಲ್ಲಿ ನಡೆಯುವ ಒರಟುತನ ಮಾತ್ರ ಗಾಜಿನಲ್ಲಿ ನಡೆಯುವುದಿಲ್ಲ.

ಹೊಸಬರು ಎಡವುವುದು ಹೆಚ್ಚಾಗಿ ಒಂದೇ ಕಡೆ. ಕೊನೆಗೆ ಹೊಳಪು ಬರಲಿಲ್ಲವೆಂದು ಪಾಲಿಶ್ ಪುಡಿಯನ್ನು ಬೈದು ಬೇರೆ ಕಂಪನಿಯದನ್ನು ತರಿಸುತ್ತಾರೆ. ತಪ್ಪು ನಡೆದಿರುವುದು ಅದಕ್ಕೂ ಎರಡು ಮೂರು ಹಂತ ಹಿಂದೆ, ಉಜ್ಜುವಾಗ. ಉಜ್ಜುವಾಗ ಉಳಿದ ಆಳದ ಗೀರನ್ನು ಪಾಲಿಶ್ ಪುಡಿ ತೆಗೆಯುವುದಿಲ್ಲ, ತುಂಬುವುದೂ ಇಲ್ಲ. ಹಾಗಾಗಿ ಈ ಬರಹದಲ್ಲಿ ಉಜ್ಜುವ ಭಾಗವೇ ಉದ್ದವಾಗಿದೆ.

ಯಾವ ಗಾಜು ತರಬೇಕು

ಕಿಟಕಿಗೆ ಬಳಸುವ ಸಾಮಾನ್ಯ ಫ್ಲೋಟ್ ಗಾಜು ಸಾಕು. ಕತ್ತರಿಸುವ ಅಭ್ಯಾಸಕ್ಕೆ 4 ಅಥವಾ 5 ಮಿ.ಮೀ., ಉಜ್ಜುವ ಅಭ್ಯಾಸಕ್ಕೆ 10 ಮಿ.ಮೀ. ದಪ್ಪದ್ದು. ಅಂಗಡಿಯಲ್ಲಿ ಕತ್ತರಿಸಿ ಉಳಿದ ತುಂಡುಗಳನ್ನೇ ಕೇಳಿ ತನ್ನಿ, ಮೊದಲ ತಿಂಗಳಿಗೆ ಹೊಸ ಹಾಳೆ ಬೇಡ. 10 ಮಿ.ಮೀ. ದಪ್ಪದಲ್ಲಿ 100×60 ಮಿ.ಮೀ. ಅಳತೆಯ ತುಂಡು ಸುಮಾರು 150 ಗ್ರಾಂ ತೂಗುತ್ತದೆ, ಕೈಯಲ್ಲಿ ಚೆನ್ನಾಗಿ ನಿಲ್ಲುತ್ತದೆ. ಮುಂದೆ ಹೇಳುವ ಲೆಕ್ಕವೆಲ್ಲ ಈ ತುಂಡಿನದು.

ಟಫನ್ಡ್ ಗಾಜನ್ನು, ಅಂದರೆ ಕಾಯಿಸಿ ತಣಿಸಿ ಗಟ್ಟಿ ಮಾಡಿದ ಗಾಜನ್ನು, ಮುಟ್ಟಬೇಡಿ. ಅದರ ಹೊರಮೈ ಬಿಗಿಯಾಗಿ ಒತ್ತಿಕೊಂಡಿರುತ್ತದೆ, ಒಳಭಾಗ ಎಳೆದುಕೊಂಡಿರುತ್ತದೆ. ಕತ್ತರಿಸಲು ಎಳೆದ ಗೀಟು ಆ ಬಿಗಿಯನ್ನು ದಾಟಿ ಒಳಗೆ ಇಳಿದರೆ ಇಡೀ ಹಾಳೆ ಒಮ್ಮೆಗೇ ಪುಡಿಯಾಗುತ್ತದೆ. ಲಾರಿ, ಕಾರುಗಳ ಬಾಗಿಲ ಗಾಜು, ಶವರ್ ಬಾಗಿಲು, ಗಾಜಿನ ಟೀಪಾಯಿಯ ಮೇಲ್ಮೈ ಹೆಚ್ಚಾಗಿ ಇದೇ ಜಾತಿ. ಹೆದ್ದಾರಿ ಬದಿಯ ಗ್ಯಾರೇಜಿನಲ್ಲಿ ಪುಕ್ಕಟೆ ಸಿಕ್ಕಿತೆಂದು ತರಬೇಡಿ. ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿ ಐಎಸ್ 2553 ಎಂಬ ಮುದ್ರೆ ಇದ್ದರೆ ಅದು ಸುರಕ್ಷತಾ ಗಾಜು, ನಿಮ್ಮ ಕೆಲಸಕ್ಕಲ್ಲ. ಮುದ್ರೆ ಕಾಣದಿದ್ದರೆ ಲ್ಯಾಪ್‌ಟಾಪಿನ ಎಲ್‌ಸಿಡಿ ಪರದೆಯನ್ನು ಬಿಳಿ ಮಾಡಿ, ಗಾಜನ್ನು ಅದರ ಮುಂದೆ ಹಿಡಿದು, ಪೋಲರೈಸ್ಡ್ ತಂಪು ಕನ್ನಡಕದಿಂದ ನೋಡಿ. ಕನ್ನಡಕವನ್ನು ತಿರುಗಿಸುತ್ತಾ ಹೋದಂತೆ ಗಾಜಿನಲ್ಲಿ ಕಪ್ಪು-ಬಿಳಿ ಪಟ್ಟೆ, ಚುಕ್ಕೆಗಳು ಎದ್ದರೆ ಅದು ಟಫನ್ಡ್. ಸಾಮಾನ್ಯ ಗಾಜಿನಲ್ಲಿ ಇಂಥ ವಿನ್ಯಾಸ ಕಾಣುವುದಿಲ್ಲ. ಹೊಳೆಯುವ ಹಳೆಯ ಕ್ರಿಸ್ಟಲ್ ಲೋಟಗಳಲ್ಲಿ ಸೀಸ ಇರಬಹುದು, ಉಜ್ಜಿದ ರಾಡಿಗೂ ಅದು ಸೇರುತ್ತದೆ. ಕಲಿಯುವಾಗ ಅವೂ ಬೇಡ.

ಕತ್ತರಿಸುವುದು

ಗಾಜನ್ನು ಕತ್ತರಿಸುತ್ತೇವೆ ಎನ್ನುತ್ತೇವೆ, ನಿಜಕ್ಕೂ ಮಾಡುವುದು ಮುರಿಯುವುದನ್ನು. ಕಟರಿನ ಚಕ್ರ ಮೇಲ್ಮೈಯಲ್ಲಿ ಒಂದು ಸಣ್ಣ ಬಿರುಕು ಮೂಡಿಸುತ್ತದೆ, ಬಾಗಿಸಿದಾಗ ಆ ಬಿರುಕು ಕೆಳಗಿನವರೆಗೆ ಓಡುತ್ತದೆ. ಆದ್ದರಿಂದ ಗೀಟು ಆಳವಾಗಿರಬೇಕಿಲ್ಲ, ಎಲ್ಲೂ ಕಡಿಯದೆ ಒಂದೇ ಸಮ ಇರಬೇಕು.

ಟಂಗ್‌ಸ್ಟನ್ ಕಾರ್ಬೈಡ್ ಚಕ್ರದ, ಹಿಡಿಯೊಳಗೇ ಎಣ್ಣೆ ತುಂಬುವ ಕಟರ್ ತಗೊಳ್ಳಿ. ಸೀಮೆಎಣ್ಣೆ ಸಿಗದಿದ್ದರೆ ಹೊಲಿಗೆ ಯಂತ್ರದ ತೆಳು ಎಣ್ಣೆ ಆಗುತ್ತದೆ. ಮೇಜು ಮಟ್ಟವಾಗಿರಲಿ, ಮೇಲೆ ತೆಳುವಾದ ಕಾರ್ಪೆಟ್ ಇರಲಿ. ಚಳ್ಳಕೆರೆ ಕಂಬಳಿ ಹಾಸುವವರೂ ಇದ್ದಾರೆ, ಮೆತ್ತಗಿರುತ್ತದೆ ನಿಜ, ಆದರೆ ಅದರ ಉಣ್ಣೆಯಲ್ಲಿ ಗಾಜಿನ ಚೂರು ಸಿಕ್ಕಿಕೊಂಡು ಮುಂದಿನ ಹಾಳೆಯನ್ನು ಗೀರುತ್ತದೆ. ಕಂಬಳಿಯೇ ಬೇಕೆಂದರೆ ಪ್ರತಿ ಸಲ ಹೊರಗೆ ಒಯ್ದು ಕೊಡವಬೇಕು.

ಗೀಟು ಹಾಕುವ ಜಾಗವನ್ನು ಒರೆಸಿ. ಚಕ್ರಕ್ಕೂ ಸ್ಕೇಲಿಗೂ ನಡುವೆ ಕಟರಿನ ತಲೆಯ ಅರ್ಧ ಅಗಲದಷ್ಟು, ಸುಮಾರು 2.5 ಮಿ.ಮೀ. ಅಂತರ ಬರುತ್ತದೆ. ಮೊದಲು ಅಳೆದು, ಅಷ್ಟು ಬಿಟ್ಟು ಸ್ಕೇಲ್ ಇಡಿ. ಉಜ್ಜಲು ಇನ್ನೂ 1 ಮಿ.ಮೀ. ಹೆಚ್ಚಿಗೆ ಬಿಡಿ. ಅಂಚಿನಿಂದ ಒಂದೆರಡು ಮಿ.ಮೀ. ಒಳಗೆ ಚಕ್ರ ಊರಿ, ಒಂದೇ ವೇಗ, ಒಂದೇ ಒತ್ತಡದಲ್ಲಿ ಆ ತುದಿಯವರೆಗೆ ಎಳೆಯಿರಿ. ತುದಿ ಬರುವಾಗ ಒತ್ತಡ ಸಡಿಲಿಸಿ, ಇಲ್ಲದಿದ್ದರೆ ಚಕ್ರ ಅಂಚಿನಿಂದ ಜಾರಿ ಮೂಲೆ ಚಕ್ಕೆ ಏಳುತ್ತದೆ. ಸರಿಯಾದ ಗೀಟು ಕೂದಲೆಳೆಯಷ್ಟು ಸಣ್ಣಗಿದ್ದು, ಬೆಳಕಿಗೆ ಓರೆಯಾಗಿ ಹಿಡಿದರೆ ಮಾತ್ರ ಮಿನುಗುತ್ತದೆ. ಹಾಕುವಾಗ ಸರ್‍ರೆಂಬ ಸದ್ದು ನಡುವೆ ನಿಲ್ಲದೆ ಬರಬೇಕು. ಗೀಟಿನ ಮೇಲೆ ಬಿಳಿ ಪುಡಿ ಕಂಡರೆ, ಪಕ್ಕದಲ್ಲಿ ಸಣ್ಣ ಚಕ್ಕೆಗಳು ಸಿಡಿದರೆ ಒತ್ತಡ ಜಾಸ್ತಿಯಾಗಿದೆ.

ಒಮ್ಮೆ ಎಳೆದ ಗೀಟಿನ ಮೇಲೆ ಮತ್ತೆ ಕಟರ್ ಆಡಿಸಬೇಡಿ. ಎರಡನೇ ಗೀಟು ಮೊದಲಿನ ಬಿರುಕಿನ ಅಂಚುಗಳನ್ನು ಜಜ್ಜುತ್ತದೆ, ಮುರಿತ ಅಡ್ಡಾದಿಡ್ಡಿ ಓಡುತ್ತದೆ, ಚಕ್ರವೂ ಹಾಳು. ಗೀಟು ಕೆಟ್ಟಿದ್ದರೆ ಗಾಜನ್ನು ಮಗುಚಿ ಇನ್ನೊಂದು ಮುಖದಲ್ಲಿ ಹೊಸದಾಗಿ ಹಾಕಿ.

ಗೀಟು ಹಾಕಿದ ಕೂಡಲೇ ಮುರಿಯಿರಿ. 5 ಮಿ.ಮೀ. ಗಾಜಾದರೆ ಗೀಟನ್ನು ಮೇಜಿನ ಅಂಚಿಗೆ ಸರಿಯಾಗಿ ಇಟ್ಟು, ಹೊರಗೆ ಚಾಚಿದ ಭಾಗವನ್ನು ಹಿಡಿದು ಕೆಳಕ್ಕೆ ಒಮ್ಮೆ ಚುರುಕಾಗಿ ಒತ್ತಿ. 10 ಮಿ.ಮೀ. ಗಾಜಿಗೆ ಗೀಟಿನ ಒಂದು ತುದಿಯ ಕೆಳಗೆ ಬೆಂಕಿಕಡ್ಡಿ ಇಟ್ಟು ಎರಡೂ ಬದಿ ಅಂಗೈಯಿಂದ ಒತ್ತಿದರೆ ಬಿರುಕು ಆ ತುದಿಯಿಂದ ಓಡುವುದು ಕಣ್ಣಿಗೇ ಕಾಣುತ್ತದೆ. ಅಗಲ ಕಡಿಮೆ ಇರುವ ಪಟ್ಟಿಗಳಲ್ಲಿ ಬಿರುಕು ಪಟ್ಟಿಯ ಕಡೆಗೇ ಓರೆಯಾಗಿ ಹೊರಬೀಳುತ್ತದೆ. 5 ಮಿ.ಮೀ. ಗಾಜಿನಲ್ಲಿ 20 ಮಿ.ಮೀ.ಗಿಂತ ಸಣ್ಣ ಪಟ್ಟಿಗೆ ರನ್ನಿಂಗ್ ಪ್ಲೈಯರ್ (ಗೀಟಿನ ಎರಡೂ ಬದಿ ಒತ್ತಿ ಮುರಿಯುವ ಇಕ್ಕಳ) ಬೇಕು. ಕನ್ನಡಿಯಾದರೆ ಬಣ್ಣ ಹಚ್ಚಿದ ಹಿಂಬದಿಗಲ್ಲ, ಗಾಜಿನ ಮುಖಕ್ಕೆ ಗೀಟು.

ಉಜ್ಜುವ ಸಾಮಾನು

ಮೋಟಾರು ಇಲ್ಲದೆ ಆರಂಭಿಸುವುದೇ ಮೇಲು. 300×300 ಮಿ.ಮೀ. ಅಳತೆಯ, 12 ಮಿ.ಮೀ. ದಪ್ಪದ ಗಾಜಿನ ಹಲಗೆಯೇ ಉಜ್ಜುವ ಮಣೆ. ಅಡಿಯಲ್ಲಿ ಒದ್ದೆ ಬಟ್ಟೆ ಹಾಸಿದರೆ ಜಾರುವುದಿಲ್ಲ. ಮೇಲೆ ಸಿಲಿಕಾನ್ ಕಾರ್ಬೈಡ್ ಪುಡಿ ಮತ್ತು ನೀರು. ಪುಡಿಯ ನಂಬರುಗಳು 120, 220, 400, 600, 800; ನಂಬರ್ ಹೆಚ್ಚಿದಂತೆ ಕಣ ಸಣ್ಣ. ಆರಂಭಕ್ಕೆ ಪ್ರತಿಯೊಂದೂ ಕಾಲು ಕೆ.ಜಿ. ಸಾಕು. ಕತ್ತರಿಸಿದ ಅಂಚು ತೀರಾ ಒರಟಾಗಿದ್ದರೆ ಮಾತ್ರ 80 ಬೇಕಾಗುತ್ತದೆ.

ಇಲ್ಲಿ ಒಂದು ಗೊಂದಲ ಹಲವರ ಕೆಲಸ ಕೆಡಿಸಿದೆ. ಬಿಡಿ ಪುಡಿಯ ನಂಬರಿಗೂ ಅಂಗಡಿಯ ಎಮರಿ ಹಾಳೆಯ ನಂಬರಿಗೂ ಅಳತೆ ಬೇರೆ ಬೇರೆ. ಎಫ್ ಎಂದು ಗುರುತಿಸಿದ 400ರ ಪುಡಿಯ ಕಣ ಸುಮಾರು 17 ಮೈಕ್ರಾನ್ (ಮೈಕ್ರಾನ್ ಎಂದರೆ ಮಿ.ಮೀ.ನ ಸಾವಿರದ ಒಂದು ಭಾಗ). ಪಿ ಎಂದು ಗುರುತಿಸಿದ 400ರ ಹಾಳೆಯ ಕಣ ಸುಮಾರು 35 ಮೈಕ್ರಾನ್, ಅಂದರೆ ಎರಡು ಪಟ್ಟು ಒರಟು. ಪುಡಿಯಲ್ಲಿ 400 ಮುಗಿಸಿ, 600 ಹಾಳೆ ಹಿಡಿದು ಮುಂದೆ ಹೋದೆ ಅಂದುಕೊಂಡವರು ನಿಜಕ್ಕೂ ಹಿಂದಕ್ಕೆ ಹೋಗಿರುತ್ತಾರೆ, ಏಕೆಂದರೆ ಪಿ 600ರ ಕಣ ಸುಮಾರು 26 ಮೈಕ್ರಾನ್. ಎರಡನ್ನೂ ಬೆರೆಸುವುದಾದರೆ ನಂಬರ್ ಬಿಟ್ಟು ಮೈಕ್ರಾನ್ ನೋಡಿ.

ಆಟೋ ಸ್ಪೇರ್ಸ್ ಅಂಗಡಿಯ ವಾಲ್ವ್ ಗ್ರೈಂಡಿಂಗ್ ಪೇಸ್ಟಿನಲ್ಲೂ ಇಂಥದೇ ಪುಡಿ ಇರುತ್ತದೆ, ಆದರೆ ಅದು ಗ್ರೀಸಿನಲ್ಲಿ ಕಲಸಿದ್ದು. ನೀರಿನಲ್ಲಿ ತೊಳೆದರೆ ಹೋಗುವುದಿಲ್ಲ, ಒರಟು ಕಣ ಮುಂದಿನ ಹಂತಕ್ಕೂ ಅಂಟಿಕೊಂಡು ಬರುತ್ತದೆ. ಗ್ರಾನೈಟಿನವರ ಡೈಮಂಡ್ ಪ್ಯಾಡುಗಳು (ವಜ್ರದ ಪುಡಿ ಕೂರಿಸಿದವು) ಗಾಜಿಗೂ ನಡೆಯುತ್ತವೆ. ಬಾಗಿದ ಅಂಚಿಗೆ ಅವೇ ಅನುಕೂಲ. ಬಣ್ಣ ನೋಡಿ ಕೊಳ್ಳಬೇಡಿ, ಬಣ್ಣದ ಅರ್ಥ ಕಂಪನಿಯಿಂದ ಕಂಪನಿಗೆ ಬದಲಾಗುತ್ತದೆ. ಮೆಷಿನ್ನಿಗೆ ಹಾಕುವುದಾದರೆ ನೀರು ಬಿಡುವ ವೆಟ್ ಪಾಲಿಶರ್ ಮಾತ್ರ, ಅದೂ ಅತಿ ಕಡಿಮೆ ವೇಗದಲ್ಲಿ. ನಿಮಿಷಕ್ಕೆ 11,000 ಸುತ್ತು ತಿರುಗುವ ಸಾಮಾನ್ಯ ನಾಲ್ಕು ಇಂಚಿನ ಗ್ರೈಂಡರಿಗೆ ಪ್ಯಾಡ್ ಸಿಕ್ಕಿಸುವುದು ಕರೆಂಟಿನ ಅಪಾಯವೂ ಹೌದು, ಗಾಜು ಸಿಡಿಯುವ ಅಪಾಯವೂ ಹೌದು.

ಉಜ್ಜುವುದು

ಮೊದಲು ಕತ್ತರಿಸಿದ ಅಂಚಿನ ಎರಡೂ ಕೋನಗಳನ್ನು 45 ಡಿಗ್ರಿಯಲ್ಲಿ ಅರ್ಧದಿಂದ ಒಂದು ಮಿ.ಮೀ. ಮುರಿಯಿರಿ. 220ರ ಡೈಮಂಡ್ ಪ್ಯಾಡ್ ಒದ್ದೆ ಮಾಡಿ ನಾಲ್ಕಾರು ಸಲ ಸವರಿದರೆ ಆಯಿತು. ಇದು ಕೈ ಕುಯ್ಯದಿರಲೆಂದು ಮಾತ್ರವಲ್ಲ. ಚೂಪಾದ ಕೋನ ಉಜ್ಜುವಾಗ ಚಕ್ಕೆ ಏಳುತ್ತದೆ, ಆ ಚಕ್ಕೆ ಮಣೆಯ ಮೇಲೆ ಉರುಳಿ ಉದ್ದುದ್ದ ಗೀರು ಎಳೆಯುತ್ತದೆ. ಅಂಚು ಸವೆದಂತೆ ಕೋನ ಮತ್ತೆ ಚೂಪಾಗುವುದರಿಂದ ಪ್ರತಿ ಹಂತಕ್ಕೂ ಮುನ್ನ ಮತ್ತೆ ಮುರಿಯಬೇಕು.

ಮಣೆಯ ಮೇಲೆ ಅರ್ಧ ಟೀ ಚಮಚ 120ರ ಪುಡಿ, ಎರಡು ಚಮಚ ನೀರು. ಉಜ್ಜಬೇಕಾದ ಅಂಚಿನ ಮೇಲೆ ಮಾರ್ಕರಿನಿಂದ ಅಡ್ಡಡ್ಡ ಗೆರೆ ಎಳೆಯಿರಿ. ತುಂಡನ್ನು ನೆಟ್ಟಗೆ ಹಿಡಿದು, ಪಕ್ಕದಲ್ಲಿ ಒಂದು ಮರದ ದಿಮ್ಮಿಗೆ ಒರಗಿಸಿ, ಇಂಗ್ಲಿಷಿನ ಎಂಟರ ಆಕಾರದಲ್ಲಿ ಮಣೆಯ ತುಂಬ ಆಡಿಸಿ. ನಡುವೆ ಮಾತ್ರ ಉಜ್ಜಿದರೆ ಮಣೆ ಅಲ್ಲೇ ತಗ್ಗಾಗುತ್ತದೆ, ಆಮೇಲೆ ನಿಮ್ಮ ಅಂಚು ಉಬ್ಬುತ್ತಾ ಹೋಗುತ್ತದೆ. ಒತ್ತುವುದು ಬೇಡ, ಕೈಯ ಭಾರವೇ ಸಾಕು. ಮೊದಲು ಕರಕರ ಸದ್ದು ಜೋರಾಗಿರುತ್ತದೆ. ಪುಡಿ ಒಡೆದು ಸಣ್ಣದಾದಂತೆ ಸದ್ದು ಮೆತ್ತಗಾಗುತ್ತದೆ, ರಾಡಿ ಬೂದು ಬಣ್ಣಕ್ಕೆ ತಿರುಗುತ್ತದೆ. ಆಗ ಒರೆಸಿ ಹೊಸ ಪುಡಿ ಹಾಕಿ. ಮಾರ್ಕರ್ ಗೆರೆ ಒಂದು ಕಡೆ ಹೋಗಿ ಇನ್ನೊಂದು ಕಡೆ ಉಳಿದರೆ ತುಂಡನ್ನು ಓರೆ ಹಿಡಿದಿದ್ದೀರಿ. ಬಡಗಿಯ ಮೂಲೆಮಟ್ಟದಿಂದ ಆಗಾಗ ನೋಡಿಕೊಳ್ಳಿ. 120ರಲ್ಲಿ ಅಂಚು ಮಟ್ಟವಾಗಲು ಹತ್ತು ಹದಿನೈದು ನಿಮಿಷ ಹಿಡಿಯುತ್ತದೆ. ಆಕಾರ, ಅಳತೆ, ಮೂಲೆ ಎಲ್ಲವೂ ಇಲ್ಲೇ ಮುಗಿಯಬೇಕು, ಮುಂದಿನ ಪುಡಿಗಳಿಗೆ ಆಕಾರ ತಿದ್ದುವ ಶಕ್ತಿ ಇಲ್ಲ.

ಆಮೇಲಿನ 220, 400, 600, 800ಕ್ಕೆ ಕೆಲಸ ಒಂದೇ: ಹಿಂದಿನ ಪುಡಿ ಬಿಟ್ಟ ಗುರುತನ್ನು ತೆಗೆಯುವುದು. ಬಿಡಿ ಪುಡಿಯ ಕಣ ಗಾಜಿನ ಮೇಲೆ ಉರುಳುತ್ತದೆ, ಉರುಳಿದಲ್ಲೆಲ್ಲ ಸೂಕ್ಷ್ಮ ಗುಳಿ ಮಾಡುತ್ತದೆ. ಆ ಗುಳಿಯ ತಳದಿಂದ ಕಣ್ಣಿಗೆ ಕಾಣದ ಬಿರುಕು ಇನ್ನೂ ಒಳಕ್ಕೆ ಇಳಿದಿರುತ್ತದೆ. ಗುಳಿ ಮಾಯವಾದ ಕೂಡಲೇ ನಿಲ್ಲಿಸಿದರೆ ಬಿರುಕು ಉಳಿದುಬಿಡುತ್ತದೆ. ಪಾಲಿಶ್ ಹಂತದಲ್ಲಿ ಅದು ಬಾಯಿ ತೆರೆದು ಚುಕ್ಕೆ ಚುಕ್ಕೆಯಾಗಿ ಕಾಣುತ್ತದೆ. ಆದ್ದರಿಂದ ಕೊನೆಯ ಗುರುತು ಹೋದ ಮೇಲೂ ಇನ್ನೊಂದು ಸಲ ಹೊಸ ಪುಡಿ ಹಾಕಿ ಪೂರ್ತಿ ಉಜ್ಜಿ, ಆಮೇಲೆ ಮುಂದಿನ ನಂಬರಿಗೆ ಹೋಗಿ. ನಮ್ಮ ತುಂಡಿನ ಒಂದು ಅಂಚಿಗೆ ಪ್ರತಿ ಹಂತದಲ್ಲೂ ಸುಮಾರು ಎಂಟು ಹತ್ತು ನಿಮಿಷ ಬೇಕು.

ಒದ್ದೆ ಗಾಜನ್ನು ನೋಡಿ ತೀರ್ಮಾನಿಸಬೇಡಿ. ನೀರು ಗುಳಿಗಳನ್ನು ತುಂಬಿ ಎಲ್ಲವನ್ನೂ ನುಣುಪಾಗಿ ತೋರಿಸುತ್ತದೆ. ತೊಳೆದು, ಒರೆಸಿ, ಪೂರ್ತಿ ಒಣಗಿಸಿ, ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದು, ವಾಚ್ ರಿಪೇರಿಯವರ 10 ಪಟ್ಟಿನ ಭೂತಗನ್ನಡಿಯಲ್ಲಿ ನೋಡಿ. ಇಡೀ ಅಂಚು ಒಂದೇ ಬಗೆಯ ಮಂಜು ಬಣ್ಣದಲ್ಲಿರಬೇಕು. ನಡುವೆ ಒಂದೆರಡು ಚುಕ್ಕೆ ಹೆಚ್ಚು ಮಿನುಗಿದರೆ ಅವು ಹಿಂದಿನ ಹಂತದ ಗುಳಿಗಳು. ಒಂದು ಉದ್ದ ಗೀರು ಒಂಟಿಯಾಗಿ ಕಂಡರೆ ಅದು ಬೇರೆ ರೋಗ. ಒರಟು ಕಣವೊಂದು ಎಲ್ಲಿಂದಲೋ ನುಸುಳಿದೆ.

ಆ ಕಣ ಬರುವ ದಾರಿಗಳು ಹಲವು: ಉಗುರು ಸಂದು, ಅಂಗಿಯ ತೋಳು, ಬಕೆಟ್ಟಿನ ತಳ, ತುಂಡಿನ ಮುರಿದ ಕೋನದ ಚಕ್ಕೆಯೊಳಗೆ ಕೂತ ಪುಡಿ. ಒಂದು ನಂಬರಿನಿಂದ ಇನ್ನೊಂದಕ್ಕೆ ಹೋಗುವಾಗ ತುಂಡು, ಮಣೆ, ಮರದ ದಿಮ್ಮಿ, ಕೈ ಎಲ್ಲವನ್ನೂ ಬ್ರಷ್ ಹಾಕಿ ಉಜ್ಜಿ ತೊಳೆಯಿರಿ. ಪ್ರತಿ ನಂಬರಿಗೂ ಬೇರೆ ಬ್ರಷ್ ಇರಲಿ, ಆಗುವುದಾದರೆ ಬೇರೆ ದಿಮ್ಮಿಯೂ ಇರಲಿ. ನೀರು ಚಿಮುಕಿಸುವ ಡಬ್ಬಿಯ ಮುಚ್ಚಳದಲ್ಲೂ ಪುಡಿ ಕೂರುತ್ತದೆ. ಚಿತ್ರದುರ್ಗದವರಿಗೆ ಇನ್ನೊಂದು ಮಾತು: ಗುಡ್ಡದ ಮೇಲೆ ಗಾಳಿಯಂತ್ರ ನಿಲ್ಲಿಸುವಷ್ಟು ಗಾಳಿ ಬೀಸುವ ಊರಿನಲ್ಲಿ ಆಷಾಢದಲ್ಲಿ ಬಾಗಿಲು ತೆರೆದು 600ರ ಕೆಲಸ ಮಾಡಬೇಡಿ. ಧೂಳಿನಲ್ಲಿ ಮರಳಿನ ಕಣ ಇರುತ್ತದೆ, ಅದು ಗಾಜಿಗಿಂತ ಗಟ್ಟಿ.

ಚಕ್ರ ಬೇಕೆನಿಸಿದಾಗ

ಕೈಕೆಲಸ ಹಿಡಿತಕ್ಕೆ ಬಂದ ಮೇಲೆ 300 ಮಿ.ಮೀ. ವ್ಯಾಸದ ಬೀಡುಕಬ್ಬಿಣದ ಅಡ್ಡ ಚಕ್ರ ಮಾಡಿಸಬಹುದು. ದಾವಣಗೆರೆಯಲ್ಲಿ ಲೇತ್ ವರ್ಕ್‌ಶಾಪುಗಳಿಗೆ ಬರವಿಲ್ಲ, ಮುಖ ಮಟ್ಟಸವಾಗಿ ಹೊಡೆಸಿಕೊಳ್ಳಿ. ಅರ್ಧ ಎಚ್‌ಪಿ, 1440 ಸುತ್ತಿನ ಮೋಟಾರಿಗೆ 2 ಇಂಚಿನ ಪುಲ್ಲಿ, ಚಕ್ರದ ದಂಡಕ್ಕೆ 10 ಇಂಚಿನ ಪುಲ್ಲಿ ಹಾಕಿದರೆ ಚಕ್ರ ನಿಮಿಷಕ್ಕೆ 288 ಸುತ್ತು ತಿರುಗುತ್ತದೆ. ಉಜ್ಜಲೂ ಪಾಲಿಶಿಗೂ ಅದು ಸರಿಯಾದ ವೇಗ. ಇದಕ್ಕಿಂತ ಬಹಳ ಹೆಚ್ಚಾದರೆ ಪುಡಿಯೆಲ್ಲ ಸಿಡಿದು ಗೋಡೆ ಸೇರುತ್ತದೆ.

ಮೋಟಾರು ನೀರು ಸಿಡಿಯುವ ಜಾಗದಿಂದ ದೂರ, ಮರೆಯಲ್ಲಿರಲಿ. ಲೈನಿಗೆ 30 ಮಿಲಿಆಂಪಿಯರ್ ಆರ್‌ಸಿಸಿಬಿ (ಕರೆಂಟು ಸೋರಿದರೆ ತಾನಾಗಿ ಆರಿಸುವ ಸ್ವಿಚ್) ಹಾಕಿಸದೆ ಚಕ್ರ ಚಾಲೂ ಮಾಡಬೇಡಿ. ತುಂಡಿನ ಅಂಚು ಚಕ್ರದ ಓಟಕ್ಕೆ ಎದುರಾಗಿ ಚುಚ್ಚುವಂತೆ ಹಿಡಿಯಬಾರದು, ಚಕ್ರ ಅಂಚನ್ನು ಸವರಿಕೊಂಡು ಹೊರಗೆ ಹೋಗುವಂತಿರಬೇಕು. ಕರೆಂಟು ಹೋದರೆ ಮೊದಲು ಗಾಜನ್ನು ಎತ್ತಿ, ಆಮೇಲೆ ಸ್ವಿಚ್ ಆರಿಸಿ. ಗಾಜನ್ನು ಚಕ್ರದ ಮೇಲೇ ಬಿಟ್ಟು ಎದ್ದರೆ ಕರೆಂಟು ಬಂದಾಗ ಅದು ಎಲ್ಲಿಗೆ ಹಾರುತ್ತದೆಂದು ಹೇಳಲಾಗದು. ಹಾಳೆ ಹೊರುವಾಗ ಕೈಗವಸು ಬೇಕು, ತಿರುಗುವ ಚಕ್ರದ ಬಳಿ ಬೇಡ. ಪಂಚೆ, ಲುಂಗಿ, ದುಪಟ್ಟಾ, ಜೋಲು ತೋಳು, ಹವಾಯಿ ಚಪ್ಪಲಿ ಯಾವುದೂ ಬೇಡ. ಕಣ್ಣಿಗೆ ಬದಿ ಮುಚ್ಚುವ ಕನ್ನಡಕ ಎಲ್ಲ ಹಂತದಲ್ಲೂ ಇರಲಿ. ಒಣಗಿದ ಗಾಜನ್ನು ಎಂದೂ ಉಜ್ಜಬೇಡಿ, ಧೂಳು ಶ್ವಾಸಕೋಶಕ್ಕೆ ಹೋಗುತ್ತದೆ. ನೆಲದ ಮೇಲೆ ಒಣಗಿದ ರಾಡಿಯನ್ನು ಗುಡಿಸಿದರೂ ಅದೇ ಧೂಳು ಏಳುತ್ತದೆ, ಒದ್ದೆ ಬಟ್ಟೆಯಲ್ಲಿ ಒರೆಸಿ.

ಪಾಲಿಶ್

800 ಸರಿಯಾಗಿ ಮುಗಿದಿದ್ದರೆ ಒಣ ಅಂಚನ್ನು ತೀರಾ ಓರೆಯಾಗಿ ಹಿಡಿದಾಗ ಟ್ಯೂಬ್‌ಲೈಟಿನ ಪ್ರತಿಬಿಂಬ ಮಸುಕಾಗಿ ಕಾಣುತ್ತದೆ. ಕಾಣದಿದ್ದರೆ ಮುಂದೆ ಹೋಗಬೇಡಿ.

ಪಾಲಿಶಿಗೆ ಸೀರಿಯಂ ಆಕ್ಸೈಡ್. ತಿಳಿಗುಲಾಬಿ, ಕಂದು, ಬಿಳಿ ಬಣ್ಣಗಳಲ್ಲಿ ಸಿಗುತ್ತದೆ. ಅರ್ಧ ಲೀಟರ್ ನೀರಿಗೆ 50 ಗ್ರಾಂ ಹಾಕಿ ಕಲಕಿದರೆ ನೀರು ಮಜ್ಜಿಗೆಯ ಹದಕ್ಕೆ ಬರುತ್ತದೆ. ಪುಡಿ ತಳಕ್ಕೆ ಕೂರುವುದರಿಂದ ಪ್ರತಿ ಸಲ ಕಲಕಿ ಹಾಕಬೇಕು. ಗ್ರಾನೈಟ್ ಅಂಗಡಿಯ ಪಾಲಿಶ್ ಪುಡಿಗಳನ್ನು ಇದರ ಬದಲಿಗೆ ತರಬೇಡಿ. ಮೇಣ, ರಾಳ ಬೆರೆಸಿದವು ಗಾಜಿನ ಮೇಲೆ ತೋರಿಕೆಯ ಹೊಳಪು ಕೂರಿಸುತ್ತವೆ, ಸೋಪು ಹಾಕಿ ತೊಳೆದರೆ ಹೋಗುತ್ತದೆ. ಸೀರಿಯಂ ಕೆಲಸ ಮಾಡುವ ರೀತಿ ಬೇರೆ. ಅದು ನೀರಿನೊಂದಿಗೆ ಸೇರಿ ಗಾಜಿನ ಮೇಲ್ಪದರದ ಜೊತೆ ರಾಸಾಯನಿಕವಾಗಿ ವರ್ತಿಸುತ್ತಾ ಆ ತೆಳು ಪದರವನ್ನು ಸವೆಸುತ್ತದೆ. ನೀರಿಲ್ಲದೆ ಸೀರಿಯಂ ಪಾಲಿಶ್ ಆಗುವುದಿಲ್ಲ, ಗಾಜು ಕಾಯುತ್ತದೆ ಅಷ್ಟೇ.

ಗಟ್ಟಿ ಫೆಲ್ಟ್, ಅಂದರೆ ಒತ್ತಿ ಬಿಗಿ ಮಾಡಿದ ಉಣ್ಣೆಯ ಹಾಳೆ, ಬೇಕು. ಮೆತ್ತನೆಯ ಕಂಬಳಿ ತುಂಡು, ಟವೆಲ್ ಹಾಕಿದರೆ ಅಂಚು ದುಂಡಗಾಗಿ, ಮೇಲ್ಮೈ ಅಲೆಅಲೆಯಾಗುತ್ತದೆ. ಕೈಯಲ್ಲಾದರೆ ಮರದ ದಿಮ್ಮಿಗೆ ಫೆಲ್ಟ್ ಅಂಟಿಸಿ ಉಜ್ಜಿ. ಒಂದು ಅಂಚಿಗೆ ಅರ್ಧ ಗಂಟೆಗೂ ಮೇಲೆ ಹಿಡಿಯುತ್ತದೆ, ಬೇಸರವಿಲ್ಲದವರಿಗೆ ಸರಿ. ಚಕ್ರದಲ್ಲಾದರೆ ಬೇಗ. ಫೆಲ್ಟ್ ಒದ್ದೆಯಾಗಿರಬೇಕು, ನೀರು ಸುರಿಯುವಂತಿರಬಾರದು. ಸರಿಯಾದ ಹದದಲ್ಲಿ ಗಾಜನ್ನು ಫೆಲ್ಟ್ ತುಸು ಹಿಡಿದೆಳೆದಂತಾಗುತ್ತದೆ, ಪಾಲಿಶ್ ಆಗುವುದು ಆಗಲೇ. ಆ ಎಳೆತದಲ್ಲೇ ಶಾಖ ಹುಟ್ಟುತ್ತದೆ. ನಾಲ್ಕೈದು ಸೆಕೆಂಡಿಗೊಮ್ಮೆ ಎತ್ತಿ, ಬೆರಳ ಹಿಂಬದಿಯಿಂದ ಮುಟ್ಟಿ ನೋಡಿ. ಬಿಸಿಯಾಗಿದ್ದರೆ ತಾನಾಗಿ ಆರಲು ಬಿಡಿ, ತಣ್ಣೀರಿನಲ್ಲಿ ಅದ್ದಬೇಡಿ. ಸಾಮಾನ್ಯ ಗಾಜು ಒಂದೇ ತುಂಡಿನೊಳಗೆ ಸುಮಾರು 40 ಡಿಗ್ರಿ ವ್ಯತ್ಯಾಸಕ್ಕೇ ಸೀಳುತ್ತದೆ. ಏಪ್ರಿಲ್ ಬಿಸಿಲಿನಲ್ಲಿ ಅಂಗಳದಲ್ಲಿಟ್ಟ ಗಾಜಿಗೂ ಈ ಮಾತು ಅನ್ವಯ, ನೆರಳಿಗೆ ತಂದು ಆರಿಸಿಯೇ ನೀರು ಮುಟ್ಟಿಸಿ.

ಪಾಲಿಶ್ ಆದ ಅಂಚಿನ ನಡುವೆ ಮಾತ್ರ ಬೂದು ಪಟ್ಟಿ ಉಳಿದು ಎರಡೂ ಕಡೆ ಹೊಳೆದರೆ ಅಂಚಿನ ನಡು ತಗ್ಗಾಗಿದೆ ಎಂದರ್ಥ. ಇನ್ನೂ ಅರ್ಧ ಗಂಟೆ ಫೆಲ್ಟ್ ಮೇಲೆ ಉಜ್ಜಿದರೆ ಹೊಳೆಯುವ ಭಾಗ ದುಂಡಗಾಗುತ್ತದೆಯೇ ಹೊರತು ಪಟ್ಟಿ ಹೋಗದು. 400ಕ್ಕೆ ಹಿಂತಿರುಗಿ, ಮಾರ್ಕರ್ ಗೆರೆ ಹಾಕಿ ಮಟ್ಟ ಮಾಡಿಕೊಂಡು ಬನ್ನಿ. ಚುಕ್ಕೆಗಳು ಉಳಿದಿದ್ದರೆ ಭೂತಗನ್ನಡಿಯಲ್ಲಿ ಅವುಗಳ ಗಾತ್ರ ನೋಡಿ. ತೀರಾ ಸಣ್ಣವಾದರೆ 800, ಕಣ್ಣಿಗೇ ಕಾಣುವಂಥವಾದರೆ 220ರವರೆಗೂ ಹಿಂದೆ ಹೋಗಬೇಕಾದೀತು. ಫೆಲ್ಟಿಗೆ ಒಂದು ಕಣ ಸಿಲಿಕಾನ್ ಕಾರ್ಬೈಡ್ ಬಿದ್ದರೆ ಅದನ್ನು ಹುಡುಕಿ ತೆಗೆಯುವುದು ಸುಲಭವಲ್ಲ, ತಂತಿ ಬ್ರಷ್ಷಿನಿಂದ ಮೇಲ್ಪದರ ಕೆರೆದು ತೊಳೆದು ನೋಡಿ, ಆಗಲಿಲ್ಲವಾದರೆ ಫೆಲ್ಟ್ ಬದಲಿಸಿ. ಕೆಲಸ ಮುಗಿದ ಮೇಲೆ ಫೆಲ್ಟನ್ನು ಪ್ಲಾಸ್ಟಿಕ್ ಚೀಲದಲ್ಲಿ ಮುಚ್ಚಿಡುವುದು ಇದಕ್ಕೇ.

ನೀರು ಮತ್ತು ರಾಡಿ

ನಮ್ಮ ಕಡೆಯ ಬೋರ್‌ವೆಲ್ ನೀರು ಗಡಸು. ಉಜ್ಜಲು ಅದರಿಂದ ತೊಂದರೆಯಿಲ್ಲ. ಪಾಲಿಶ್ ಆದ ಗಾಜಿನ ಮೇಲೆ ಅದು ಒಣಗಿದರೆ ಬಿಳಿ ಚುಕ್ಕೆ ಬಿಡುತ್ತದೆ, ಹೊಸಬರು ಅದನ್ನು ಪಾಲಿಶಿನ ದೋಷವೆಂದು ಭಾವಿಸಿ ಮತ್ತೆ ಚಕ್ರಕ್ಕೆ ಹಿಡಿಯುತ್ತಾರೆ. ಮೊದಲು ವಿನೆಗರ್ ಹಚ್ಚಿ ಒರೆಸಿ ನೋಡಿ. ಸೀರಿಯಂ ಕಲಸಲು, ಕೊನೆಯ ತೊಳೆತಕ್ಕೆ ಶುದ್ಧ ನೀರಿನ ಘಟಕದ ಒಂದು ಕ್ಯಾನ್ ತಂದಿಟ್ಟುಕೊಂಡರೆ ಈ ರಗಳೆಯೇ ಇಲ್ಲ.

ರಾಡಿಯನ್ನು ಬಚ್ಚಲಿಗೆ ಸುರಿಯಬೇಡಿ, ಪೈಪಿನ ಬಾಗಿನಲ್ಲಿ ಕೂತು ಗಟ್ಟಿಯಾಗುತ್ತದೆ. ಬಕೆಟ್ಟಿನಲ್ಲಿ ಒಂದು ರಾತ್ರಿ ಬಿಟ್ಟರೆ ತಳಕ್ಕೆ ಇಳಿಯುತ್ತದೆ. ಮೇಲಿನ ತಿಳಿನೀರು ಚೆಲ್ಲಿ, ಕೆಸರನ್ನು ಚೀಲಕ್ಕೆ ತುಂಬಿ ಕಟ್ಟಡದ ತ್ಯಾಜ್ಯದೊಂದಿಗೆ ಕಳಿಸಿ. ಸೀರಿಯಂ ರಾಡಿಯನ್ನು ಮಾತ್ರ ಬೇರೆ ಡಬ್ಬಿಯಲ್ಲಿ ಹಿಡಿದಿಡಿ. ಒರಟು ಪುಡಿ ಬೆರೆಯದಿದ್ದರೆ ಅದನ್ನು ಮತ್ತೆ ಮತ್ತೆ ಬಳಸಬಹುದು, ಈ ಕೆಲಸದ ಪುಡಿಗಳಲ್ಲಿ ದುಬಾರಿಯಾದದ್ದೂ ಅದೇ.

ನಾಲ್ಕು ಅಂಚು ಹೊಳೆದ ಮೇಲೆ ತುಂಡಿನ ಅಗಲವಾದ ಮುಖಕ್ಕೆ ಕೈ ಹಾಕುವ ಉತ್ಸಾಹ ಬರುತ್ತದೆ. ಅದಕ್ಕೂ ಮೊದಲು ಕತ್ತರಿಸಿದ ಬಾಟಲಿಯೊಂದರ ಬಾಯಿ ಮಟ್ಟ ಮಾಡಿ ನೋಡಿ. ಅಂಚು ತೆಳುವಾಗಿರುವುದರಿಂದ ಬೇಗ ಸವೆಯುತ್ತದೆ, ಮಣೆಯ ಮೇಲೆ ತಾನಾಗಿ ನೆಟ್ಟಗೆ ನಿಲ್ಲುತ್ತದೆ. ಬಾಯಿಯ ಒಳಕೋನವನ್ನು ಮುರಿಯುವುದು ಮರೆಯಬೇಡಿ. ಪೆನ್ಸಿಲಿಗೆ ಡೈಮಂಡ್ ಹಾಳೆ ಸುತ್ತಿ ನೀರು ಮುಟ್ಟಿಸಿ ಒಳಗಿನಿಂದ ಸವರಿದರೆ ಸಾಕು.